ಲಂಟಾನದ ಪೊದೆಗೆ ನಾನು ಎರಚಿದ ಹಿಕ್ಕೆ

ಜಿಂಕೆ ಕಾಲಿಡದ ಜಾಗಕ್ಕೆ ಜಿಂಕೆಯ ಹಿಕ್ಕೆಯನ್ನು ಊಟದ ಡಬ್ಬಿಯಲ್ಲಿ ಸಾಗಿಸಿದ ಮಹಾನುಭಾವ ನಾನೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಕ್ಕ ಉಪ್ಪುಖಾರ ಹಚ್ಚಿ ಹೇಳುತ್ತಾಳೆ.

ತೊಂಬತ್ತರ ದಶಕದ ಕೊನೆ, ನಾನಾಗ ಪಿಯುಸಿ. ಕುವೆಂಪುನಗರದ ನಮ್ಮ ಮನೆಯಿಂದ ಅಕ್ಕ ಎಂ.ಎಸ್ಸಿ. ಪ್ರಬಂಧಕ್ಕಾಗಿ ವಾರಕ್ಕೊಮ್ಮೆ ಕಾಡಿಗೆ ಹೋಗುತ್ತಿದ್ದಳು. ಹುಲ್ಲಿರುವ ಕಡೆ ಒಂದು, ಲಂಟಾನದ ಮುಳ್ಳುಕಳೆ ಹಬ್ಬಿದ ಕಡೆ ಒಂದು ಚೌಕ ಗುರುತು ಮಾಡಿಕೊಂಡಿದ್ದಳು. ಎರಡರಲ್ಲೂ ಬಿದ್ದ ಜಿಂಕೆ ಹಿಕ್ಕೆ ಎಣಿಸಿ, ಗುಡಿಸಿ ಬರುವುದೇ ಕೆಲಸ. ಟೇಪಿನ ಇನ್ನೊಂದು ತುದಿ ಹಿಡಿಯಲು ನಾನು. ನನ್ನ ಸಂಬಳ, ಅಮ್ಮ ಕಟ್ಟುವ ಪುಳಿಯೋಗರೆ. ದಾರಿಯುದ್ದಕ್ಕೂ ಅವಳ ಮೇಷ್ಟರ ಮೂಗಿನ ದನಿ, ಜೊತೆಗಿದ್ದ ಫಾರೆಸ್ಟ್ ಗಾರ್ಡರ ಕೆಮ್ಮು, ಗಂಡು ಜಿಂಕೆಯ ಕೂಗು ಎಲ್ಲ ಅಣಕಿಸಿ ತೋರಿಸುವುದು ನನ್ನ ಬಿಟ್ಟಿ ಪ್ರದರ್ಶನ. ಗಾರ್ಡ್ ನಗುತ್ತಿದ್ದರು, ಜಿಂಕೆಗಳು ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಸಂಜೆ ಅಕ್ಕ ಅಡುಗೆಮನೆಯಲ್ಲಿ, "ಲಂಟಾನದ ಚೌಕದಲ್ಲಿ ಮತ್ತೆ ಸೊನ್ನೆ ಕಣಮ್ಮ" ಅಂದಳು. ನಮ್ಮ ಮನೆಯಲ್ಲಿ ಸೊನ್ನೆ ಎಂದರೆ ನನ್ನ ಗಣಿತ, ಅದರ ಹಿಂದೆಯೇ ಅಪ್ಪನ ಭಾಷಣ. ಪಾಪ, ಅಕ್ಕನೂ ಫೇಲಾಗುತ್ತಾಳೆ ಅಂದುಕೊಂಡೆ.

ಮುಂದಿನ ವಾರ ಕಾಡು ಮುಟ್ಟುವ ಮೊದಲೇ ಡಬ್ಬಿ ಖಾಲಿ ಮಾಡಿದೆ. ಹುಲ್ಲಿನ ಚೌಕದಿಂದ ಅವಳು ಗುಡಿಸಿ ಹಾಕಿದ ಹಿಕ್ಕೆಯನ್ನು ಅದಕ್ಕೆ ತುಂಬಿ, ಲಂಟಾನದೊಳಗೆ ನುಗ್ಗಿ, ಮದುವೆಮನೆಯಲ್ಲಿ ಅಕ್ಷತೆ ಹಾಕುವವನಂತೆ ಎರಚಿದೆ. ಕೈಯೆಲ್ಲ ತರಚಿತು.

ಆಮೇಲೆ ಬಂದು ನೋಡಿದ ಅಕ್ಕ ಬಿಳುಚಿಕೊಂಡಳು. "ಇಲ್ಲಿ ಒಂದೆಸಳು ಹುಲ್ಲಿಲ್ಲ, ಏನ್ ತಿನ್ನೋಕೆ ಬಂದ್ವೋ ಇವು? ಲಂಟಾನ ಹುಲ್ಲನ್ನ ಸಾಯ್ಸುತ್ತೆ, ಮೇವಿಲ್ದೆ ಜಿಂಕೆ ಕಮ್ಮಿಯಾಗ್ತವೆ ಅಂತ ತಾನೇ ನಾನು ಬರೀತಿರೋದು? ಇಡೀ ವರ್ಷದ ಕೆಲಸ ಮುಳುಗೋಯ್ತಲ್ಲೋ!"

ಆ ಸೊನ್ನೆಯೇ ಅವಳ ಫಸ್ಟ್ ಕ್ಲಾಸ್ ಎಂದು ಆಗ ಹೊಳೆಯಿತು. ಊರವರ ದನಿಯನ್ನೆಲ್ಲ ತೆಗೆಯುವ ನಾನು, ಗುಟ್ಟು ಬಿಡದೆ ಡಬ್ಬಿಯನ್ನು ಚೀಲದ ತಳಕ್ಕೆ ತುರುಕಿದೆ.

ಮನೆಗೆ ಬಂದರೂ ಅಕ್ಕ ಊಟಕ್ಕೆ ಏಳಲಿಲ್ಲ. ಡಬ್ಬಿ ತೊಳೆಯುತ್ತಿದ್ದ ಅಮ್ಮ ಒಂದು ಕಪ್ಪು ಉಂಡೆ ಹಿಡಿದು ಬಂದಳು. "ಪುಳಿಯೋಗರೆಗೆ ನಾನು ಇಷ್ಟು ದಪ್ಪ ಮೆಣಸು ಹಾಕಿಲ್ವಲ್ಲೋ?"

ಅಕ್ಕ ಅದನ್ನು ನೋಡಿದಳು. ನನ್ನ ತರಚಿದ ಕೈ ನೋಡಿದಳು. ಆ ವಾರದ ಲೆಕ್ಕ ಹೊಡೆದುಹಾಕಿ, ನನ್ನ ಬೆನ್ನಿಗೊಂದು ಗುದ್ದಿ, ಎರಡು ಸಲ ಬಡಿಸಿಕೊಂಡು ಉಂಡಳು.

"ನಿನ್ ಒಳ್ಳೇದಕ್ಕೇ ಮಾಡ್ದೆ ಕಣಕ್ಕ. ಮುಂದಿನ ವಾರಾನೂ ಬರ್ತೀನಿ" ಎಂದೆ, ಮೇಷ್ಟರ ಮೂಗಿನ ದನಿಯಲ್ಲೇ.

ಉತ್ತರ ಕೊಟ್ಟವಳು ಅಮ್ಮ, ಡಬ್ಬಿಯನ್ನು ಇನ್ನೂ ಉಜ್ಜುತ್ತಲೇ: "ಇನ್ಮೇಲೆ ನಿಂಗೆ ಡಬ್ಬಿ ಕಟ್ಟಲ್ಲ. ಮೇವಿಲ್ದಿರೋ ಕಡೆ ನೀನ್ ಹೆಂಗ್ ಹೋಗ್ತೀಯೋ, ನಾನೂ ನೋಡ್ತೀನಿ!"