ಗ್ರೀಸು ಸವರಿದ ಮೇಸ್ತ್ರಿ, ಕಂಬಿ ತೊಳೆದ ಸಾಹುಕಾರ

ಜೀಲಾನಿ ಮೇಸ್ತ್ರಿಯನ್ನು ತಕ್ಕಡಿಗೆ ಹಾಕಿದರೆ ಐವತ್ತೆಂಟು ಕಿಲೋ ತೂಗಬಹುದು. ಅದರಲ್ಲಿ ಮೀಸೆಯದೇ ಒಂದು ಪಾಲು. ಮೊಣಕಾಲು ಎರಡೂ ಸವೆದ ಮಾಲು. ಎಡಗಿವಿ ಮಂದ. ಬೆನ್ನು ಬಾಗಿದೆ. ಕಣ್ಣು ಮಾತ್ರ ಹೊಸ ಸರಕು: ಇಪ್ಪತ್ತು ಮೀಟರ್ ಆಚೆ ನೆಲ ಕೂದಲೆಳೆಯಷ್ಟು ಎದ್ದಿದ್ದರೂ ಹಿಡಿಯುತ್ತದೆ. ಚೌಕಾಸಿ ಮಾಡಲು ಬರುವುದಿಲ್ಲ, ತನ್ನ ಕೆಲಸವನ್ನು ಹೊಗಳಿಕೊಳ್ಳಲು ಮೊದಲೇ ಬರುವುದಿಲ್ಲ. ಇಂಥ ಮಾಲನ್ನು ಸ್ಫಾಕ್ಸ್ ಊರಿನ ಯಾವ ವ್ಯಾಪಾರಿಯೂ ಮೊದಲ ನೋಟಕ್ಕೆ ಎತ್ತಿಕೊಳ್ಳುವುದಿಲ್ಲ. ವಹೆಬ್ ಜರ್ರಾಯ ಎತ್ತಿಕೊಂಡ. ಗುಣ ಕಂಡು ಅಲ್ಲ, ಅಗ್ಗವೆಂದು.

ವಹೆಬ್ ಎಂದರೆ ಆಲಿವ್ ಎಣ್ಣೆ ವ್ಯಾಪಾರಿ. ಇದನ್ನು ಬರೆಯುತ್ತಿರುವವನೂ ಅವನೇ. ಆದರೆ ಸ್ವಂತ ದಡ್ಡತನವನ್ನು 'ನಾನು, ನಾನು' ಎಂದು ಹೇಳಿಕೊಳ್ಳಲು ನಾಲಿಗೆ ಏಳುವುದಿಲ್ಲ. ಪಕ್ಕದ ಅಂಗಡಿಯವನದು ಅಂದುಕೊಂಡರೆ ಎಷ್ಟು ಬೇಕಾದರೂ ಸಲೀಸಾಗಿ ಹೇಳಬಹುದು. ಹಾಗಾಗಿ ವಹೆಬ್ ಎಂದೇ ಇರಲಿ.

ಜೀಲಾನಿ ಕೆರ್ಕೆನ್ನಾ ದ್ವೀಪದವನು. ಅಪ್ಪ, ಅಜ್ಜ, ಅಣ್ಣಂದಿರು ಎಲ್ಲರೂ ಆಕ್ಟೋಪಸ್ ಹಿಡಿಯುವವರು. ದೋಣಿ ಹತ್ತಿದರೆ ಹೊಟ್ಟೆ ತೊಳಸುವ ಹುಡುಗ ಆ ದ್ವೀಪದಲ್ಲೆಲ್ಲ ಇವನೊಬ್ಬನೇ. ಹಾಗಾಗಿ ಅಲುಗಾಡದೆ ಇರುವುದರ ಕೆಲಸ ಹುಡುಕಿಕೊಂಡು ಹೋದ. ತ್ರಿಪೋಲಿಯಲ್ಲಿ ಹದಿನಾಲ್ಕು ವರ್ಷ ಗೋದಾಮುಗಳ ನೆಲ ಹಾಕಿ ಕಲಿತು ಬಂದ. ಈಗಲೂ ವಾರಕ್ಕೊಮ್ಮೆ ಮನೆಗೆ ಹೋಗಬೇಕೆಂದರೆ ಕಣ್ಣು ಮುಚ್ಚಿಕೊಂಡೇ ಹಡಗಿನಲ್ಲಿ ಕೂರುತ್ತಾನೆ.

ವಹೆಬ್ ಗಾಬೆಸ್ ರಸ್ತೆಯಲ್ಲಿ ಹೊಸ ಗೋದಾಮು ಕಟ್ಟಿಸುತ್ತಿದ್ದ. ಎಣ್ಣೆಯನ್ನು ಡಬ್ಬಿಯಲ್ಲಿ ಮಾರುವ ಕಾಲ ಹೋಗಿ ಗಾಜಿನ ಸೀಸೆಯ ಕಾಲ ಬಂದಿತ್ತು. ಸೀಸೆ ಹೊತ್ತ ಟ್ರಾಲಿಯ ಚಕ್ರ ಸಣ್ಣದು, ಕಲ್ಲಿನಷ್ಟು ಗಟ್ಟಿ. ಹಳೆಯ ಗೋದಾಮಿನ ನೆಲದ ಸಂದು ದಾಟುವಾಗೆಲ್ಲ ಧಡ್ ಎನ್ನುತ್ತಿತ್ತು. ದಿನಕ್ಕೆ ನಾಲ್ಕು ಸೀಸೆಯಾದರೂ ಒಡೆದು ವಹೆಬ್‌ನ ಎದೆಯೂ ಅಷ್ಟೇ ಸಲ ಒಡೆಯುತ್ತಿತ್ತು.

"ಸಂದೇ ಬೇಡ, ಇಡೀ ನೆಲ ಒಂದೇ ಚಪ್ಪಡಿ ಹಾಕ್ಬಿಡು," ಎಂದು ಅವನು ಮೊದಲ ದಿನವೇ ಅಪ್ಪಣೆ ಕೊಟ್ಟ.

"ಕಾಂಕ್ರೀಟು ಒಣಗ್ತಾ ಕುಗ್ಗುತ್ತೆ, ಸಿ ವಹೆಬ್. ನಾವು ಸಂದು ಬಿಡದಿದ್ರೆ ಅದೇ ಬಿಟ್ಕೊಳ್ಳುತ್ತೆ, ತನಗೆ ಇಷ್ಟ ಬಂದ ಕಡೆ," ಎಂದ ಜೀಲಾನಿ. 'ಸಿ' ಎಂದರೆ ನಮ್ಮ ಕಡೆ 'ಸಾಹೇಬರೇ' ಎಂದ ಹಾಗೆ.

ಹದಿಮೂರು ಪಟ್ಟಿ, ನಡುವೆ ಹನ್ನೆರಡು ಸಂದು ಎಂದು ತೀರ್ಮಾನವಾಯಿತು. ಒಂದು ಪಟ್ಟಿ ಹಾಕುವಾಗ ಅದರ ಅಂಚಿನಲ್ಲಿ ಅರವತ್ತು ನುಣುಪು ಕಂಬಿಗಳನ್ನು ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಸಾಲಾಗಿ ಮಲಗಿಸುವುದು. ಹೊರಗೆ ಚಾಚಿದ ಅರ್ಧ ಮುಂದಿನ ಪಟ್ಟಿಯೊಳಗೆ ಹುದುಗುತ್ತದೆ. ಇದಿಷ್ಟೂ ವಹೆಬ್‌ಗೆ ಅರ್ಥವಾಯಿತು. ಅರ್ಥವಾಗದೇ ಹೋದದ್ದು ಶನಿವಾರ ಸಂಜೆ ಕಂಡ ದೃಶ್ಯ: ನಾಲ್ಕನೆಯ ಪಟ್ಟಿಯ ಅಂಚಿನಲ್ಲಿ ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ಚಾಚಿದ ಕಂಬಿಗಳಿಗೆ ಒಂದೊಂದಾಗಿ ಗ್ರೀಸು ಸವರುತ್ತಿದ್ದ.

"ಏನ್ ಮೇಸ್ತ್ರಿ ಇದು? ಕಬ್ಬಿಣಕ್ಕೆ ಮಾಲೀಶಾ? ಹಮ್ಮಾಮ್ ಸ್ನಾನದ್ಮನೆ ತೆಗ್ದಿದ್ದೀಯಾ ಇಲ್ಲಿ?"

"ಈ ಅರ್ಧ ಜಾರ್ಬೇಕು."

"ಜಾರ್ಬೇಕಾ! ನಾನು ದುಡ್ಡು ಕೊಟ್ಟಿರೋದು ಹಿಡ್ಕೊಳ್ಳೋ ಕಬ್ಬಿಣಕ್ಕೆ."

"ಹಿಡ್ಕೊಳ್ಳುತ್ತೆ. ಬಾಗ್ಲ ಚಿಲ್ಕ ನೋಡಿ. ಆಕಡೆ ಈಕಡೆ ಸಲೀಸಾಗಿ ಓಡುತ್ತೆ, ಆದ್ರೆ ಬಾಗ್ಲನ್ನ ಅಲ್ಲಾಡೋಕೆ ಬಿಡಲ್ಲ. ಇದೂ ಹಾಗೇ. ಟ್ರಾಲಿ ಈ ಪಟ್ಟಿ ಅಂಚಿಗೆ ಬಂದಾಗ ಭಾರನ ಪಕ್ಕದ ಪಟ್ಟಿಗೂ ಹಂಚುತ್ತೆ. ಎರಡೂ ಒಟ್ಟಿಗೆ ತಗ್ಗುತ್ವೆ, ಚಕ್ರ ಎಡವಲ್ಲ. ಕುಗ್ಗಿ ದೂರ ಸರಿಯೋವಾಗ ಮಾತ್ರ ತಡೀಬಾರ್ದು, ಬಿಟ್ಕೊಡ್ಬೇಕು."

ಮೇಸ್ತ್ರಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ವಹೆಬ್ ತಲೆಯಾಡಿಸಿದ. ತಲೆಯೊಳಗೆ ಏನೂ ಇಳಿದಿರಲಿಲ್ಲ. ಮೂರು ತಲೆಮಾರಿನಿಂದ ಎಣ್ಣೆ ಮಾರಿದ ಮನೆತನ ಅವನದು. ಎಣ್ಣೆ ಬಿದ್ದ ಕಡೆ ಮನುಷ್ಯ ಜಾರಿ ಬೀಳುತ್ತಾನೆ ಎಂಬುದು ಹುಟ್ಟಿನಿಂದ ಗೊತ್ತು. ಇಡೀ ಆಯುಸ್ಸು ನೆಲದಿಂದ, ಕೈಯಿಂದ, ಅಂಗಿಯಿಂದ ಜಿಡ್ಡು ಒರೆಸುವುದರಲ್ಲೇ ಕಳೆದಿತ್ತು. ಅಂಥವನ ನೆಲದ ಹೊಟ್ಟೆಯೊಳಗೆ ಗ್ರೀಸು! ಆ ಜಾಣನಿಗೆ ನಿದ್ದೆ ಬರಲಿಲ್ಲ.

ಭಾನುವಾರ ಗಾಳಿ ಎದ್ದು ಹಡಗು ನಿಂತಿತು. ಶನಿವಾರ ರಾತ್ರಿ ಮನೆಗೆ ಹೋಗಿದ್ದ ಮೇಸ್ತ್ರಿ ದ್ವೀಪದಲ್ಲೇ ಉಳಿದ. ಸೀಸೆ ತುಂಬುವ ಹೆಂಗಸರ ಮೇಲ್ವಿಚಾರಕಿ ಮಹ್ಬೂಬಾಳನ್ನು ವಹೆಬ್ ಕರೆಸಿದ. ಅವಳ ಕೈಗೆ ಹಸಿರು ಸಾಬೂನು ಮತ್ತು ಈಚಲು ನಾರು ಕೊಟ್ಟು, "ಅರವತ್ತೂ ಕಂಬಿ ತೊಳೀಬೇಕು," ಎಂದ.

ಮಹ್ಬೂಬಾ ಸೊಂಟದ ಮೇಲೆ ಕೈಯಿಟ್ಟಳು. "ಮೇಸ್ತ್ರಿ ಹಚ್ಚಿದ್ದಾನೆ ಅಂದ್ರೆ ಬೇಕು ಅಂತ್ಲೇ ಹಚ್ಚಿರ್ತಾನೆ. ಹೋಗ್ಲಿ, ನಂಗೇನು? ಕೂಲಿ ಕೊಡ್ತೀರಿ, ತೊಳೀತೀನಿ. ನಾಳೆ ನಿಮ್ಮ ಟೋಪಿ ತೊಳಿ ಅಂದ್ರೂ ತೊಳೀತೀನಿ, ತಲೆ ಒಳಗಿದ್ರೂ."

ತೊಳೆದಳು. ತಿಕ್ಕಿ ತಿಕ್ಕಿ ತೊಳೆದಳು. ಸಂಜೆಯ ಬಿಸಿಲಿಗೆ ಅರವತ್ತು ಕಂಬಿಗಳೂ ಮದುವೆ ಮನೆಯ ಚಮಚಗಳಂತೆ ಹೊಳೆದವು. ವಹೆಬ್ ಅವುಗಳ ಮುಂದೆ ಅಡ್ಡಾಡುತ್ತ, ಎಂಜಿನಿಯರಿಂಗ್ ಓದದೇ ಇದ್ದುದಕ್ಕೆ ದೇಶಕ್ಕೆ ಎಷ್ಟು ನಷ್ಟವಾಯಿತೋ ಎಂದು ಮರುಗಿದ.

ಸೋಮವಾರ ಬೆಳಗ್ಗೆ ಎಂಟಕ್ಕೆ ಕಾಂಕ್ರೀಟ್ ಲಾರಿ ಬಂತು. ಹಡಗು ಬಂದಿರಲಿಲ್ಲ. ಮೇಸ್ತ್ರಿ ಬರಲಿ ಎಂದು ಅವನ ಕೆಲಸಗಾರರು ಬೇಡಿಕೊಂಡರೂ, ಕಾಯುವ ಲಾರಿಯನ್ನು ನೋಡುವ ಶಕ್ತಿ ವಹೆಬ್‌ಗೆ ಇರಲಿಲ್ಲ. ಸುರಿಯಿರಿ ಎಂದ. ಒಂಬತ್ತೂವರೆಗೆ, ಹಡಗಿನ ಓಲಾಟಕ್ಕೆ ಮುಖವೆಲ್ಲ ಬಿಳಿಚಿಕೊಂಡು ಜೀಲಾನಿ ಬಂದಾಗ ತುದಿಯ ಒಂದು ಕಂಬಿ ಬಿಟ್ಟು ಉಳಿದವೆಲ್ಲ ಮುಚ್ಚಿಹೋಗಿದ್ದವು. ಅವನು ಆ ಒಂದರ ಮೇಲೆ ಬೆರಳಾಡಿಸಿ ಮೂಸಿದ.

"ಸಾಬೂನು."

"ನಮ್ಮದೇ ಎಣ್ಣೇದು. ಒಳ್ಳೇ ಮಾಲು," ಎಂದ ವಹೆಬ್, ಹೆಮ್ಮೆಯಿಂದ.

ಮೇಸ್ತ್ರಿ ಬಗ್ಗಿ ಕಾಂಕ್ರೀಟನ್ನು ಬೆರಳಿನಿಂದ ಒತ್ತಿ ನೋಡಿದ. ಆಮೇಲೆ, "ಇನ್ನೂ ಹಸಿ ಇದೆ. ಕಂಬಿ ಸುತ್ತ ಬಗೆದು ತೆಗೀತೀವಿ, ಒರೆಸಿ ಮತ್ತೆ ಹಚ್ತೀವಿ. ಅರ್ಧ ದಿನ ಸಾಕು," ಎಂದ.

"ಲಾರಿಗಟ್ಲೆ ಕಾಂಕ್ರೀಟು ಬಗೆದು ಬಿಸಾಕೋಕೆ ನಾನೇನು ಸುಲ್ತಾನನಾ?"

"ಹಾಗಾದ್ರೆ ಇಲ್ಲಿ ಸೀಳುತ್ತೆ." ಜೀಲಾನಿ ಅಚ್ಚಿನ ಹಲಗೆಯ ಮೇಲೆ, ಸಂದಿನಿಂದ ಒಂದು ಗೇಣು ಈಚೆ, ಹೊಸ ಪಟ್ಟಿಯ ಕಡೆ, ಸೀಮೆಸುಣ್ಣದಲ್ಲಿ ಗೆರೆ ಎಳೆದ. "ಕಂಬಿ ತುದಿ ಮುಗಿಯೋ ಕಡೆ. ಸಂದು ಬಿಟ್ಕೊಡಲ್ಲ ಅಂದ್ರೆ ಚಪ್ಪಡಿ ಬಿಟ್ಕೊಡುತ್ತೆ. ನೆಲ ನಿಮ್ದು, ಸಿ ವಹೆಬ್. ಆದ್ರೆ ಕೇಳಿದೋರಿಗೆ ನಿಜ ಹೇಳ್ಬಿಡಿ. ನಂಗೆ ದೋಣಿ ಇಲ್ಲ, ತೋಟ ಇಲ್ಲ. ಇರೋದು ಹೆಸರೊಂದೇ."

"ಹೇಳ್ತೀನಿ, ಹೇಳ್ತೀನಿ," ಎಂದ ವಹೆಬ್. ಹೇಳುವ ಸಂದರ್ಭವೇ ಬರುವುದಿಲ್ಲವೆಂದು ಅವನಿಗೆ ಖಾತ್ರಿಯಿತ್ತು.

ಉಳಿದ ಸಂದುಗಳು ಮುಗಿಯುವವರೆಗೂ ಜೀಲಾನಿ ದ್ವೀಪಕ್ಕೆ ಹೋಗಲೇ ಇಲ್ಲ. ಗ್ರೀಸು ಹಚ್ಚಿದ ಕಂಬಿಗಳ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ, ಬಾರ್ಲಿ ರೊಟ್ಟಿಗೆ ಒಣ ಆಕ್ಟೋಪಸ್ ಸುಟ್ಟು ತಿಂದ. ಅವನು ಕಾವಲು ಕೂತದ್ದು ಕಳ್ಳರಿಗೆ ಹೆದರಿ ಅಲ್ಲ, ಸಾಹುಕಾರನಿಗೆ ಹೆದರಿ.

ಮೂರನೆಯ ತಿಂಗಳಲ್ಲಿ ನೆಲ ಸೀಳಿತು. ಸಂದಿನಿಂದ ಒಂದು ಗೇಣು ಈಚೆ, ಗೋಡೆಯಿಂದ ಗೋಡೆಗೆ, ಮೇಸ್ತ್ರಿ ಬಂದು ಅಳತೆ ಹಿಡಿದು ಸೀಳಿದ ಹಾಗೆ. ಆ ಸೀಳಿಗೆ ಅಡ್ಡಲಾಗಿ ಕಂಬಿ ಇಲ್ಲವಲ್ಲ, ಚಕ್ರ ಅಲ್ಲಿ ಎಡವಿತು, ಅಂಚು ಉದುರಿತು, ಸೀಸೆ ಒಡೆಯಿತು.

ಕಾಫಿ ಅಂಗಡಿಯಲ್ಲಿ ಜನ ಕೇಳಿದರು: "ಹೊಸ ನೆಲ ಸೀಳಿತಂತಲ್ಲ?" ವಹೆಬ್ ಹೆಗಲು ಕುಣಿಸಿ, "ಏನ್ಮಾಡೋದು, ದ್ವೀಪದ ಮೇಸ್ತ್ರಿ," ಎಂದ. ಅಷ್ಟೇ. ಸುಳ್ಳು ಒಂದೂ ಇಲ್ಲ. ಜೀಲಾನಿ ದ್ವೀಪದವನೇ, ಮೇಸ್ತ್ರಿಯೇ. ವಹೆಬ್‌ನ ಜೀವಮಾನದ ವ್ಯಾಪಾರದಲ್ಲಿ ಅಷ್ಟು ಹಗುರ ಸರಕು ಅಷ್ಟು ದೂರ ಹೋದದ್ದು ಇನ್ನೊಂದಿಲ್ಲ. ಚಳಿಗಾಲ ಬರುವಷ್ಟರಲ್ಲಿ ಜೀಲಾನಿಯ ಕೈಯಲ್ಲಿದ್ದ ಎರಡು ಗೋದಾಮಿನ ಕೆಲಸ ತಪ್ಪಿ, ಅವನು ಜನರ ಅಂಗಳಕ್ಕೆ ಟೈಲ್ಸ್ ಅಂಟಿಸುತ್ತಿದ್ದ. ವಹೆಬ್‌ಗೆ ಇದು ಗೊತ್ತಿತ್ತು. ಎದುರಿಗೆ ಸಿಕ್ಕರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ. ಆ ಬದಿಯಲ್ಲಿ ಏನೋ ತುರ್ತು ಕೆಲಸ ಇರುವವನಂತೆ.

ಒಂದು ದಿನ ಮಧ್ಯಾಹ್ನ ಹಾಜ್ ಚೆಡ್ಲಿ ಬಂದ. ಮೀನಿನ ಸಗಟು ವ್ಯಾಪಾರಿ. ದೊಡ್ಡ ಶೀತಲ ಗೋದಾಮಿನ ನೆಲ ಹಾಕಿಸುವವನಿದ್ದ. ಅವನ ಹಿಂದೆ ಟೋಪಿ ಕೈಯಲ್ಲಿ ಹಿಡಿದು ಜೀಲಾನಿ.

"ಈ ಮನುಷ್ಯನಿಗೆ ಕೆಲಸ ಕೊಡೋಣ ಅಂದ್ಕೊಂಡಿದ್ದೆ. ಊರೆಲ್ಲ ಬೇಡ ಅಂತಿದೆ," ಎಂದ ಹಾಜ್. "ಬೇಡ ಅನ್ನೋ ಮೊದ್ಲು ಕಣ್ಣಾರೆ ನೋಡಿ, ಅವನ ಮುಖಕ್ಕೇ ಹೇಳೋಣ ಅಂತ ಕರ್ಕೊಂಡ್ ಬಂದೆ."

ಮಹ್ಬೂಬಾ ಸೀಸೆ ತುಂಬಿದ ಟ್ರಾಲಿ ತಳ್ಳಿದಳು. ಮೊದಲ ಸಂದು: ಸದ್ದಿಲ್ಲ. ಎರಡು, ಮೂರು: ಸೀಸೆಗೆ ಸೀಸೆ ತಾಕಲಿಲ್ಲ. ನಾಲ್ಕನೆಯದು ದಾಟಿದ್ದೇ ಸೀಳಿನಲ್ಲಿ ಚಕ್ರ ಇಳಿದು ಇಡೀ ಟ್ರಾಲಿ ಝಣಝಣ ಎಂದಿತು. ಅಲ್ಲಿಂದಾಚೆ ಎಂಟೂ ಸಂದು ಮತ್ತೆ ಮೌನ. ಹಾಜ್ ಬಗ್ಗಿ ಸೀಳನ್ನು ಮುಟ್ಟಿ ನೋಡಿದ.

"ಹನ್ನೊಂದು ರೇಷ್ಮೆ ಥರ ಇವೆ, ಒಂದು ಮಾತ್ರ ಹೀಗೆ. ಯಾಕೆ?"

ಪ್ರಶ್ನೆ ಕೇಳಿದ್ದು ವಹೆಬ್‌ನನ್ನು. ಜೀಲಾನಿಯ ಟೋಪಿ ಕೈಯಲ್ಲಿ ತಿರುಗುತ್ತಿತ್ತು. ಒಂದು ಮಾತಿನ ಮೇಲೆ ಅವನ ಮುಂದಿನ ದುಡಿಮೆಯೆಲ್ಲ ನಿಂತಿದೆ ಎಂಬುದು ನಾಲ್ವರಿಗೂ ಗೊತ್ತಿತ್ತು.

"ಅದು... ಆ ವಾರ ಬಿಸಿಲು ಜಾಸ್ತಿ," ಎಂದ ವಹೆಬ್. "ಸಿಮೆಂಟೂ ಸ್ವಲ್ಪ..."

"ಬಿಸಿಲಿತ್ತು, ನಿಜ," ಎಂದಳು ಮಹ್ಬೂಬಾ. "ತೊಳೆದಿದ್ದು ಬೇಗ ಒಣಗ್ತು. ಮುಂದಿಂದು ನೀವೇ ಹೇಳ್ತೀರೋ, ನಾನು ಹೇಳ್ಲೋ, ಸಿ ವಹೆಬ್? ನಾನು ಹೇಳಿದ್ರೆ ಟೋಪಿ ವಿಷ್ಯನೂ ಸೇರಿಸ್ತೀನಿ."

ವಹೆಬ್ ಹೇಳಿದ. ಗ್ರೀಸು, ಸಾಬೂನು, ಈಚಲು ನಾರು, ಕಾಯದ ಲಾರಿ, ಬಗೆದು ತೆಗೆಯೋಣ ಎಂದ ಮೇಸ್ತ್ರಿ, ಬೇಡವೆಂದ ಸುಲ್ತಾನ, ಎಲ್ಲವನ್ನೂ. ಹೇಳುತ್ತ ಹೋದ ಹಾಗೆ ಹಾಜ್ ಚೆಡ್ಲಿಯ ಹೊಟ್ಟೆ ಕುಲುಕತೊಡಗಿ, ಕೊನೆಗೆ ಅವನು ಕಂಬ ಹಿಡಿದುಕೊಂಡ.

"ಎಣ್ಣೆ ಮಾರೋನು ಎಣ್ಣೆ ಒರೆಸಿದ್ನಾ! ಅಯ್ಯೋ ನನ್ನಪ್ಪಾ! ನಾನು ಮೀನು ಮಾರ್ತೀನಿ, ಸಮುದ್ರ ಒರೆಸೋಕ್ ಹೋಗಿಲ್ಲ ಕಣಯ್ಯಾ!" ಕಣ್ಣೊರೆಸಿಕೊಂಡು ಜೀಲಾನಿಯ ಕಡೆ ತಿರುಗಿದ. "ನೀನ್ಯಾಕೆ ಇಷ್ಟು ತಿಂಗ್ಳು ಬಾಯಿ ಬಿಡ್ಲಿಲ್ಲ, ಮಾರಾಯ?"

"ಗಿರಾಕಿ ಮನೇಲಿ ಆದದ್ದನ್ನ ಗಿರಾಕಿನೇ ಹೇಳ್ಬೇಕು. ಹೊರಗೆ ನಾನು ಹೇಳಿದ್ರೆ ಇನ್ಯಾರು ನನ್ನ ಮನೆಯೊಳಗೆ ಬಿಟ್ಕೋತಾರೆ?"

"ಶನಿವಾರ ಬಾ, ಅಳತೆ ತಗೋ. ಇಪ್ಪತ್ತೆಂಟು ಪಟ್ಟಿ. ಈ ವಹೆಬ್ ಬಂದ್ರೆ ಗೇಟಿನ ಹತ್ರಾನೇ ನಿಲ್ಸು."

ಜೀಲಾನಿ ಟೋಪಿ ಹಾಕಿಕೊಂಡ. ವಹೆಬ್ ಅವನ ಮುಂದೆ ನಿಂತು, ಹೇಳಬೇಕಾದ ಮಾತಿಗೆ ಬಾಯಿ ತೆರೆದು, ಬೆಲೆ ಗೊತ್ತಿಲ್ಲದ ಸರಕಿನ ಮುಂದೆ ನಿಂತವನಂತೆ ತಡವರಿಸಿದ. ಮೇಸ್ತ್ರಿಯೇ ಸೀಳಿನ ಕಡೆ ನೋಡಿ, "ಈ ಗೇಣಗಲ ಕತ್ತರಿಸಿ ತೆಗೆದು ಹೊಸ ಕಂಬಿ ಕೂರಿಸಿದ್ರೆ ಸರಿಹೋಗುತ್ತೆ. ಹಬ್ಬ ಕಳೀಲಿ, ಬರ್ತೀನಿ," ಎಂದ. ಬಂದ, ಸರಿಮಾಡಿದ. ಟೈಲ್ಸ್ ಕೆಲಸದ ಆ ಚಳಿಗಾಲದ ಬಗ್ಗೆ ಒಂದು ಮಾತೂ ಆಡಲಿಲ್ಲ.

ವಹೆಬ್ ಈಗ ಊರಿಗೆಲ್ಲ 'ಕಂಬಿ ತೊಳೆದವನು'. ಕಾಫಿ ಅಂಗಡಿಗೆ ಹೋದರೆ ಯಾರಾದರೂ ಒಬ್ಬರು ಸಾಬೂನು ಬೇಕೇ ಎಂದು ಕೇಳುತ್ತಾರೆ. ಇದು ಅವನಿಗೆ ದೊಡ್ಡ ನಷ್ಟವೇನಲ್ಲ. ಎಣ್ಣೆ ಮೊದಲಿಗಿಂತ ಹೆಚ್ಚೇ ಹೋಗುತ್ತಿದೆ. ನಷ್ಟವಾದದ್ದು ಜೀಲಾನಿ ಮೇಸ್ತ್ರಿಗೆ. ತಪ್ಪು ವಹೆಬ್‌ನದು, ಹೆಸರು ಕೆಟ್ಟದ್ದು ಮೇಸ್ತ್ರಿಯದು. ಕೊಟ್ಟ ಮಾತಿನಂತೆ ಮೊದಲ ದಿನವೇ ಹೇಳಬೇಕಿದ್ದ ನಿಜವನ್ನು ವಹೆಬ್ ಆರು ತಿಂಗಳು ತಡವಾಗಿ ಹೇಳಿದ, ಅದೂ ಮಹ್ಬೂಬಾ ಹೇಳಿಸಿದ ಮೇಲೆ. ಆ ಆರು ತಿಂಗಳಿಗಾಗಿ ಅವನು ಜೀಲಾನಿಯ ಕ್ಷಮೆ ಕೇಳಬೇಕು. ಇನ್ನೂ ಕೇಳಿಲ್ಲ.