ಕುಳ್ಳ ಬೆಂಚು

ಬಡಗಿಯ ಹೆಂಡತಿ ಅವನ ಭುಜಕ್ಕಿಂತ ಗೇಣುದ್ದ ಕೆಳಗಿದ್ದಳು. ಕುರ್ಚಿಯಲ್ಲಿ ಕುಳಿತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಮೂತ್ರಪಿಂಡ ಕೈಕೊಟ್ಟು ಅವಳು ವಾರವಾರವೂ ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ, ಅವರ ಬೀದಿಯ ತುದಿಯಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ. ನಿಲ್ದಾಣ ಬಲು ದೂರ. ಬೀದಿ ದಾಟಿ ರಸ್ತೆಗೆ ಬರುವಷ್ಟರಲ್ಲಿಯೇ ಅವಳ ಜೀವ ಬಾಯಿಗೆ ಬರುತ್ತಿತ್ತು.

ಬಡಗಿ ಅಂಗಡಿಯಲ್ಲಿ ಉಳಿದಿದ್ದ ತೇಗದ ತುಂಡುಗಳನ್ನು ಜೋಡಿಸಿ, ಅವಳ ಮೊಣಕಾಲಿನ ಎತ್ತರಕ್ಕೆ ಒಂದು ಬೆಂಚು ಮಾಡಿ, ಅವಳು ದಣಿವಾರಿಸಿಕೊಳ್ಳಲೆಂದು ಬೀದಿಯ ತುದಿಯ ರಸ್ತೆಯಂಚಿನಲ್ಲಿ ಇಟ್ಟನು. ಯಾರಾದರೂ ಹೊತ್ತೊಯ್ದಾರೆಂದು ಹೆದರಿ, ಬಡಗಿಯಾದವನು ಮಾಡಬಾರದ ಕೆಲಸವನ್ನೂ ಮಾಡಿದನು: ಕಾಲುಗಳನ್ನು ನೆಲದಲ್ಲಿ ಹೂತು ಸಿಮೆಂಟು ಸುರಿದನು.

"ಮರಾನ ಹೂಳ್ತಿದೀರಲ್ರೀ, ಒಳಗೇ ಕೊಳೆಯತ್ತೆ," ಎಂದಳು ಹೆಂಡತಿ.

"ಕೊಳೆಯೋ ಹೊತ್ತಿಗೆ ನೀನು ಓಡಾಡ್ಕೊಂಡಿರ್ತೀಯ, ಬಿಡು."

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಕಾಯಿಲೆಯ ಹೆಂಗಸನ್ನು ಕಂಡು ಒಬ್ಬ ಚಾಲಕ ಬಸ್ಸು ನಿಲ್ಲಿಸಿದನು. ಮರುವಾರ ಇನ್ನೊಬ್ಬನು. ಬಸ್ಸು ನಿಲ್ಲುತ್ತದೆಂದು ತಿಳಿದು ಬೀದಿಯವರೆಲ್ಲ ಅಲ್ಲಿಗೇ ಬರತೊಡಗಿದರು. ಇಸ್ತ್ರಿಯವನು ತನ್ನ ಗಾಡಿಯನ್ನು ಬೆಂಚಿನ ಪಕ್ಕಕ್ಕೆ ತಂದನು. ಎದುರುಮನೆಯವರು ಕುಡಿಯುವ ನೀರು ಇಟ್ಟರು. ಬಟ್ಟೆ ಹೊಲಿಯುವ ಟೈಲರಕ್ಕ ತನ್ನ ಅಂಗಡಿಯ ದೀಪವನ್ನು ರಸ್ತೆಯತ್ತ ತಿರುಗಿಸಿದಳು. ಎತ್ತರದವರು ಕುಳಿತರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. "ಇದೇನು ಬೆಂಚೋ ಮಣೆಯೋ ಮಾರಾಯ!" ಎಂದು ಬೈಯುತ್ತಲೇ ಕೂರುತ್ತಿದ್ದರು. ಯಾವ ಕಚೇರಿಯೂ ಮಂಜೂರು ಮಾಡದ ಆ ನಿಲ್ದಾಣ ಕಂಡಕ್ಟರುಗಳ ಬಾಯಲ್ಲಿ 'ಕುಳ್ಳ ಬೆಂಚ್' ಆಯಿತು.

"ನನ್ನಳತೆಗೆ ಒಂದು ಸ್ಟಾಪೇ ಆಗೋಯ್ತಲ್ರೀ," ಎಂದು ಅವಳು ಬಾಯ್ತುಂಬ ನಕ್ಕಳು. ಆ ಬೇಸಿಗೆ ಕಳೆಯುವ ಮುನ್ನವೇ ತೀರಿಕೊಂಡಳು.

ಆಮೇಲೆಯೂ ಬಡಗಿ ಬೆಂಚನ್ನು ಉಜ್ಜಿ ಮೆರುಗೆಣ್ಣೆ ಬಳಿಯುವುದನ್ನು ಬಿಡಲಿಲ್ಲ. ಬೆಳಗ್ಗೆ ಅದರ ಒಂದು ತುದಿಯಲ್ಲಿ ಕೂರುವನು. ಇನ್ನೊಂದು ತುದಿಗೆ ಯಾರಾದರೂ ಬಂದರೆ, "ಸ್ವಲ್ಪ ಈಚೆ ಬನ್ನಿ," ಎನ್ನುವನು. ಏಕೆಂದು ಯಾರೂ ಕೇಳುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಟೈಲರಕ್ಕನ ಅತ್ತೆ ಬಸ್ಸು ಕಾಯುತ್ತಾ ತೊಯ್ದು ಹಾಸಿಗೆ ಹಿಡಿದರು. ಬೀದಿಯವರೆಲ್ಲ ನಗರಸಭೆಗೆ ಅಲೆದು ಅಲೆದು ಕೊನೆಗೂ ಒಂದು ತಂಗುದಾಣ ಮಂಜೂರು ಮಾಡಿಸಿದರು. ಆದರೆ ಅದು ಬೆಂಚು ಇದ್ದಲ್ಲಿಯೇ ಬರಬೇಕಾಗಿತ್ತು. ಟೈಲರಕ್ಕ ಬಡಗಿಯ ಅಂಗಡಿಗೆ ಬಂದು ಸೆರಗಿನ ತುದಿ ತಿರುಚುತ್ತಾ ನಿಂತಳು.

"ಅಣ್ಣಾ, ಹೇಳೋಕೆ ನಾಲಿಗೆ ಬರ್ತಿಲ್ಲ. ನಾಳೆ ಕೆಲಸದವರು ಬರ್ತಾರೆ. ನೀವು ಬೇಡ ಅಂದ್ರೆ ಈ ಬೀದೀಲಿ ಒಬ್ರೂ ಬೇಕು ಅನ್ನಲ್ಲ."

ಬಡಗಿ ಉಳಿಯನ್ನು ಒಮ್ಮೆ ಒರೆಸಿ, ಮತ್ತೊಮ್ಮೆ ಒರೆಸಿ ಕೆಳಗಿಟ್ಟನು. ಅವನ ಒಂದು ಮಾತಿಗೆ ಬೆಂಚು ಉಳಿಯುತ್ತಿತ್ತು.

"ನಿಮ್ಮತ್ತೆ ಕೆಮ್ಮು ಹೇಗಿದೆಯಮ್ಮ?"

"ಇನ್ನೂ ಬಿಟ್ಟಿಲ್ಲ ಅಣ್ಣ."

"ಬರ್ಲಿ ಬಿಡು. ಬೆಂಚು ನಾನೇ ತೆಗೀತೀನಿ. ಅವರು ಹಾರೆ ಹಾಕೋದು ಬೇಡ."

ಮರುದಿನ ಎಷ್ಟು ಅಲುಗಿಸಿದರೂ ಸಿಮೆಂಟು ಬಿಟ್ಟುಕೊಡಲಿಲ್ಲ. ಬೇರೆ ದಾರಿಯಿಲ್ಲದೆ ನೆಲಮಟ್ಟಕ್ಕೆ ಗರಗಸ ಹಿಡಿದನು. ಕೊಳೆತಿರುತ್ತದೆಂದೇ ತಿಳಿದಿದ್ದನು, ಆದರೆ ಹೊಟ್ಟು ಉದುರಿದಂತೆ ಹೊಸ ತೇಗದ ವಾಸನೆ ಮೂಗಿಗೆ ಬಡಿಯಿತು.

"ನೋಡು, ಕೊಳೆತೇ ಇಲ್ಲ," ಎಂದನು.

"ಏನಂದ್ರಿ ಯಜಮಾನ್ರೇ?" ಎಂದು ಕೆಲಸದವನೊಬ್ಬ ಕೇಳಿದನು.

"ಏನಿಲ್ಲಪ್ಪ."

ಮಣ್ಣಿನಲ್ಲಿ ಉಳಿದ ನಾಲ್ಕು ಮೋಟುಗಳ ಮೇಲೆ ಕಾಂಕ್ರೀಟು ಬಿದ್ದಿತು. ಅಂಗಡಿ ಸೇರಿದ ಬೆಂಚಿನ ಎತ್ತರ ಮಾತ್ರ ಹಾಗೆಯೇ ಇತ್ತು, ಅವಳ ಮೊಣಕಾಲಿನಷ್ಟು. ಅದರ ಮೇಲೆ ಅವನು ಕೂರಲೂ ಇಲ್ಲ, ಸಾಮಾನು ಇಡಲೂ ಇಲ್ಲ.

ಈಗ ತಂಗುದಾಣದಲ್ಲಿ ಯಾರೂ ನೆನೆಯುವುದಿಲ್ಲ. ಕಬ್ಬಿಣದ ಕುರ್ಚಿಗಳು ಎಲ್ಲರಿಗೂ ಹದವಾಗಿವೆ. ಆದರೂ ಕಂಡಕ್ಟರು ಹಳೆಯ ಹೆಸರನ್ನೇ ಕೂಗುತ್ತಾನೆ.

"ಕುಳ್ಳ ಬೆಂಚ್! ಅಜ್ಜಾ, ನಿಮ್ಮ ಸ್ಟಾಪು, ಏಳಿ."

"ಮುಂದಿನದ್ರಲ್ಲಿ ಇಳೀತೀನಪ್ಪ," ಎಂದು ಬಡಗಿ ಕಿಟಕಿಯಿಂದ ಮುಖ ತಿರುಗಿಸುತ್ತಾನೆ. ಆಮೇಲೆ ಬೆಂಚು ಬರುವ ಮುಂಚಿನ ದೂರದ ನಿಲ್ದಾಣದಲ್ಲಿ ಇಳಿದು, ಹೆಂಡತಿಯಿಂದ ನಡೆಯಲಾಗದಿದ್ದ ಆ ದೂರವನ್ನು ನಿಧಾನವಾಗಿ ನಡೆದು ಮನೆಗೆ ಬರುತ್ತಾನೆ.