ಪರೀಕ್ಷೆಯ ಗುರುತು ಹಿಡಿದ ಕಾರ್ಡು

ಹುಮನಾಬಾದಿನ ಮಚ್ಚೇಂದ್ರ ಟಿವಿ ರಿಪೇರಿ ಮಾಡುತ್ತಲೇ ಕಂಪ್ಯೂಟರ್ ಕಲಿತವನು. ಆಟದ ಚಿತ್ರಗಳನ್ನು ಪರದೆಯ ಮೇಲೆ ಓಡಿಸುವ ಗ್ರಾಫಿಕ್ಸ್ ಕಾರ್ಡುಗಳನ್ನು ಒರೆಗೆ ಹಚ್ಚುವುದು ಅವನ ಹುಚ್ಚು. ಒಂದೇ ಪರೀಕ್ಷೆಯ ಸಿ.ಡಿ., ಮೂರು ಸಲ ಓಟ. ಚಿತ್ರ ಹೆಚ್ಚಿದಷ್ಟೂ ಆಟ ಸರಾಗ; ಸೆಕೆಂಡಿಗೆ ಎಷ್ಟು ಚಿತ್ರ ಬಂತೋ ಅಷ್ಟನ್ನೇ ಊರಿನ ವಾರಪತ್ರಿಕೆಗೆ ಬರೆಯುತ್ತಿದ್ದ. ಕಂಪನಿಯವರ ಚಹಾ ಕೂಡ ಮುಟ್ಟುತ್ತಿರಲಿಲ್ಲ. ‘ಮಚ್ಚೇಂದ್ರ ಬರದಾನಂದ್ರ ಮುಗೀತು’ ಎಂದು ಬಸವಕಲ್ಯಾಣದವರೆಗೂ ಮಾತಿತ್ತು. ಅವನ ಆಸ್ತಿಯೆಂದರೆ ಆ ಮಾತೊಂದೇ.

೨೦೦೩ರ ಬೇಸಿಗೆ. ಬಸವಕಲ್ಯಾಣದಲ್ಲಿ ಕಂಪ್ಯೂಟರ್ ಆಟದ ಅಂಗಡಿ ಇಟ್ಟಿದ್ದ ಫಕ್ರುನ್ನೀಸಾ ಫೋನು ಹಚ್ಚಿದಳು.

“ಮಚ್ಚೇಂದ್ರ ಭಾಯಿ, ಆ ಹೊಸ ಕಾರ್ಡು ಸೆಕೆಂಡಿಗೆ ನಲವತ್ತೆಂಟು ಚಿತ್ರ ಓಡಸ್ತದ ಅಂತ ಬರದ್ರಿ. ನಂಬಿ ನಾಕು ಕಾರ್ಡು ತಂದೆ. ಇಲ್ಲಿ ಆಟದಾಗಿನ ಕಾರು ಕಬ್ಬಿನ ಗಾಡಿ ಹಂಗ ಓಡಾಕತ್ತದ!”

ಮರುದಿನ ಬೆಳಗಿನ ಬಸ್ಸಿಗೆ ಹೋದ. ಸಿ.ಡಿ. ಹಾಕಿ ಓಡಿಸಿದ. ನಲವತ್ತೆಂಟು. ಮತ್ತೆ ನಲವತ್ತೆಂಟು.

“ನೋಡ್ರಿ ಆಪಾ, ಕಾರ್ಡು ಬರೋಬರಿ ಅದ. ನಿಮ್ಮ ಆಟದ ಸಿ.ಡಿ.ನೇ ಕೆಟ್ಟಿರಬೇಕು.”

“ಹಂಗಿದ್ರ ನಿಮ್ಮ ಪರೀಕ್ಷಾನೂ ಇಲ್ಲೇ ಇಟ್ಟು ಹೋಗ್ರಿ. ಬಯ್ಯೋ ಗಿರಾಕಿಗೆ ಅದನ್ನೇ ತೋರಸ್ತೀನಿ.”

ಆಕೆ ಪರೀಕ್ಷೆಯನ್ನು ಕಂಪ್ಯೂಟರಿಗೆ ಇಳಿಸಿಕೊಂಡಳು. ಸ್ಟೀಲಿನ ಪಾತ್ರೆಗೆ ಹೆಸರು ಹೊಡೆಸಿದಂತೆ ಅಂಗಡಿಯ ಪ್ರತಿ ಫೈಲಿಗೂ ತನ್ನ ಹೆಸರಿಡುವುದು ಆಕೆಯ ರೂಢಿ. ಹಳೆಯ ಹೆಸರು ಅಳಿಸಿ ‘ಫಕ್ರು’ ಎಂದು ಕುಟ್ಟಿ ಓಡಿಸಿದಳು.

ಇಪ್ಪತ್ತಾರು.

ಮಚ್ಚೇಂದ್ರ ಮೌಸು ಕಸಿದುಕೊಂಡ. ಹಳೆಯ ಹೆಸರಿಟ್ಟ: ನಲವತ್ತೆಂಟು. ತನ್ನ ಹೆಸರಿಟ್ಟ: ಇಪ್ಪತ್ತಾರು. ಪರದೆಗೆ ಮುಖ ಹಚ್ಚಿ ನೋಡಿದ. ಹಳೆಯ ಹೆಸರಿನಲ್ಲಿ ಓಡುವಾಗ ದೂರದ ಮರಗಳಿಗೆ ಎಲೆಯೇ ಇಲ್ಲ, ಗೋಡೆಗೆ ಇಟ್ಟಿಗೆಯ ಗೆರೆ ಇಲ್ಲ. ಬರೀ ಬಣ್ಣ ಬಳಿದಿತ್ತು.

ಆಗ ಹೊಳೆಯಿತು. ಕಾರ್ಡಿನ ಜೊತೆ ಬಂದ ತಂತ್ರಾಂಶಕ್ಕೆ ಪರೀಕ್ಷೆಯ ಹೆಸರು ಗೊತ್ತು! ಆ ಹೆಸರು ಕಂಡೊಡನೆ ಅರ್ಧ ಕೆಲಸ ಹಾರಿಸಿ ಓಡುತ್ತದೆ. ಸಾಹೇಬರು ತಪಾಸಣೆಗೆ ಬಂದ ದಿನ ಮಾತ್ರ ಸಾಲೆಯ ಸಾರಿನಲ್ಲಿ ಬೇಳೆ ಕಾಣುತ್ತದಲ್ಲ, ಅದೇ ಬುದ್ಧಿ. ಇಂಥ ಲುಚ್ಚಾತನ ನಮ್ಮ ಕಡೆಯದಷ್ಟೇ ಎಂದುಕೊಂಡಿದ್ದ. ದೊಡ್ಡ ದೊಡ್ಡ ಇಂಜಿನಿಯರುಗಳು ತಂಪು ಕೋಣೆಯಲ್ಲಿ ಕೂತು, ಸಂಬಳ ಎಣಿಸಿ, ತಲೆ ಓಡಿಸಿ ಇದನ್ನು ಮಾಡಿದ್ದರು!

“ಕಳ್ಳರು, ಆಪಾ! ಬರೀ ಕಳ್ಳರು!”

“ಇರಬೌದ್ರಿ,” ಎಂದಳು ಫಕ್ರುನ್ನೀಸಾ. “ಆದ್ರ ನಾ ಅವರ ಮಾತು ಕೇಳಿ ತಂದಿಲ್ಲ.”

ಕಪಾಳಕ್ಕೆ ಬಿದ್ದಂತಾಯಿತು. ಮೂರು ಸಲ ವೇಗ ಎಣಿಸಿದವನು ಒಂದು ಸಲವೂ ಚಿತ್ರ ನೋಡಿರಲಿಲ್ಲ.

ಅಲ್ಲೇ ಕಾಗದ ಕೇಳಿ ವಾರಪತ್ರಿಕೆಗೆ ಬರೆದ: ‘ನಾನು ಬರೆದ ನಲವತ್ತೆಂಟು ಸುಳ್ಳು. ಈ ಕಾರ್ಡು ಕೊಳ್ಳಬೇಡಿ. ಮೋಸ ಕಂಪನಿಯದು, ನೋಡದೆ ಬರೆದ ತಪ್ಪು ನನ್ನದು.’

“ಇನ್ನ ನನ್ನ ಮಾತು ಯಾರು ನಂಬ್ತಾರ್ರಿ?” ಎಂದು ಕಾಗದ ಆಕೆಯ ಮುಂದಿಟ್ಟ.

ಆಕೆ ಓದಿ ಕಾಗದ ಮರಳಿಸಿದಳು.

“ಅಕ್ಷರ ಭಾಳ ಸಣ್ಣು ಆಗ್ಯಾವ. ಹೊಗಳಿದ್ದು ದೊಡ್ಡ ಅಕ್ಷರದಾಗ ಬಂದಿತ್ತಲ್ರಿ? ಇದೂ ಹಂಗೇ ಬರ್ಲಿ ಅಂತ ಮ್ಯಾಲ ಬರೀರಿ.”

ಮಚ್ಚೇಂದ್ರ ಬರೆದ. ಕೆಳಗೆ ತನ್ನ ಪೂರ್ತಿ ಹೆಸರನ್ನೂ ಬರೆದ.